ಕೋಡಿಬೈಲು ಹೈಸ್ಕೂಲಿನ ಮೊದಲ ಮಳೆಗಾಲ

ಹೋದ ವರ್ಷ ಜೂನ್‌ನಲ್ಲಿ ಹತ್ತನೆಯ ತರಗತಿಯ ಪೂರಕ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ಕೋಡಿಬೈಲು ಸರ್ಕಾರಿ ಹೈಸ್ಕೂಲಿಗೆ ಹಾಕಿದರು. ಆದೇಶದಲ್ಲಿ ಆ ಊರಿನ ಹೆಸರು ಕಂಡ ಕೂಡಲೇ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅಲ್ಲಿಂದ ವರ್ಗವಾಗಿ ಬ್ರಹ್ಮಾವರದ ಕಡೆಗೆ ಬಂದ ಮೇಲೆ ಹನ್ನೆರಡು ವರ್ಷ ಹಾಗೆಯೇ ತಪ್ಪಿಸಿಕೊಂಡಿದ್ದೆ. ಈ ಸಲ ಯಾಕೋ ಹೊರಟುಬಿಟ್ಟೆ.

ಮರವಂತೆ ದಾಟಿ ಸ್ವಲ್ಪ ಉತ್ತರಕ್ಕೆ ಹೋದರೆ ಕೋಡಿಬೈಲು. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಹೆದ್ದಾರಿ. ನಾನಿದ್ದ ಕಾಲದಲ್ಲಿ ಎರಡು ಬಸ್ಸು ಎದುರಾದರೆ ಒಂದು ಮಣ್ಣಿಗಿಳಿಯಬೇಕಿತ್ತು. ಈಗ ರಸ್ತೆ ಅಗಲ ಮಾಡಲು ಎಲ್ಲಾ ಅಗೆದು ಹಾಕಿದ್ದರು. ಶಾಲೆಯ ಗುರುತೇ ಸಿಗಲಿಲ್ಲ. ಎರಡು ಮಹಡಿ, ಧ್ವಜಕಟ್ಟೆ, ಸೈಕಲ್ ಶೆಡ್ಡು, ದಾನಿಗಳ ಹೆಸರು ಕೆತ್ತಿದ ಕಲ್ಲು. ಹಿಂದುಗಡೆ ಮಾತ್ರ ಹಳೆಯ ಹಂಚಿನ ಕಟ್ಟಡ, ಎರಡು ಕೋಣೆ ಒಂದು ಜಗಲಿ, ಹಾಗೆಯೇ ನಿಂತಿತ್ತು. ಆ ಕಡೆಯಿಂದ ಒಣಮೀನು ಸುಡುವ ವಾಸನೆ ಬರುತ್ತಿತ್ತು. ಅದರ ಜೊತೆಗೆ ಸೀಮೆಎಣ್ಣೆ, ಒದ್ದೆ ಚಾಪೆ, ಒಣಗದ ಬಟ್ಟೆ. ನನ್ನ ಕಾಲು ಅಲ್ಲೇ ನಿಂತಿತು.

ಹೆಡ್‌ಮಾಸ್ತರು ಚಿಕ್ಕ ವಯಸ್ಸಿನವರು. ನಾನು ಆ ಕಡೆ ನೋಡುವುದನ್ನು ಕಂಡು ಹತ್ತಿರ ಬಂದರು.

"ಮೂರು ಸಂಸಾರ ಮೇಡಂ. ಕಡಲ್ ಕೊರ್ದ್ ಮನಿ ಹೋಯ್ತ್. ಪರೀಕ್ಷೆ ಮುಗಿಯೂವರಿಗೆ ಬೇರೆ ಕಡಿಗ್ ಹೋಪುಕೆ ಹೇಳುವಾ ಅಂದ್ಕಂಡಿದೆ. ಮೇಲಿನವರ್ ಯಾರಾರೂ ಬಂದ್ ಕಂಡ್ರೆ ಕಷ್ಟ ಅಲ್ದಾ?"

"ಬೇಡ," ಎಂದೆ. ನನ್ನ ಸ್ವರ ಎಷ್ಟು ಗಟ್ಟಿಯಾಗಿತ್ತೆಂದರೆ ಪೆನ್ನು ಹಿಡಿದು ನಿಂತಿದ್ದ ಮಕ್ಕಳೂ ತಿರುಗಿ ನೋಡಿದರು. "ಯಾರ್ ಬಂದ್ರೂ ಬರ್ಲಿ. ಅವರನ್ನ್ ಏಳ್ಸಬೇಡಿ. ಕೇಳಿದ್ರೆ ನನ್ನ ಹೆಸ್ರ್ ಹೇಳಿ."

ಅವರು ತಲೆಯಾಡಿಸಿ ಪರೀಕ್ಷೆಯ ಕೋಣೆಯ ಕಡೆ ನಡೆದರು. ಯಾಕೆ ಹಾಗೆ ಕೂಗಿದೆ ಎಂದು ಅವರಿಗೆ ಆಗ ಹೇಳಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ.

ಆ ಶಾಲೆ ಶುರುವಾದದ್ದು ತೊಂಬತ್ತೇಳನೆಯ ಇಸವಿಯ ಜೂನ್‌ನಲ್ಲಿ. ಅದಕ್ಕೆ ಮೊದಲು ಕೋಡಿಬೈಲಿನಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಇತ್ತು. ಮುಂದೆ ಓದಬೇಕೆಂದರೆ ಹತ್ತು ಮೈಲು ದೂರ. ಎಕ್ಸ್‌ಪ್ರೆಸ್ ಬಸ್ಸು ಅಲ್ಲಿ ನಿಲ್ಲುತ್ತಿರಲಿಲ್ಲ, ಉಳಿದ ಬಸ್ಸಿನವರು ಶಾಲೆಯ ಮಕ್ಕಳನ್ನು ಕಂಡರೆ ವೇಗ ಹೆಚ್ಚು ಮಾಡುತ್ತಿದ್ದರು. ಗಂಡುಮಕ್ಕಳಲ್ಲಿ ಅರ್ಧ ಜನ ದೋಣಿಗೋ ಬೊಂಬಾಯಿಯ ಹೋಟೆಲಿಗೋ ಹೋಗುತ್ತಿದ್ದರು. ಹೆಣ್ಣುಮಕ್ಕಳು ಗೇರುಬೀಜದ ಕಾರ್ಖಾನೆಗೆ. ಊರಿನವರು ವರ್ಷಗಟ್ಟಲೆ ಅರ್ಜಿ ಹಾಕಿ, ಕಚೇರಿಗೆ ನಡೆದು ನಡೆದು, ಕೊನೆಗೆ ಒಂದು ಮಂಜೂರಾತಿ ತಂದಿದ್ದರು. ಅದೂ ಷರತ್ತಿನ ಮೇಲೆ. ಎಂಟನೆಯ ತರಗತಿಗೆ ಇಪ್ಪತ್ತೈದು ಮಕ್ಕಳು ಇರಬೇಕು, ಪಾಠಕ್ಕೆ ಎರಡು ಕೋಣೆ ಇರಬೇಕು. ಅಧಿಕಾರಿ ಬಂದು ನೋಡಿ ಸರಿ ಎಂದರೆ ಶಾಲೆ ಉಳಿಯುತ್ತದೆ. ಇಲ್ಲವಾದರೆ ಮಕ್ಕಳನ್ನು ದೂರದ ಹೈಸ್ಕೂಲಿಗೆ ಸೇರಿಸಿ ಬಾಗಿಲು ಹಾಕುವುದು.

ಕೋಣೆ ಎರಡನ್ನು ಪ್ರಾಥಮಿಕ ಶಾಲೆಯವರು ಹಿಂದುಗಡೆ ಬಿಟ್ಟುಕೊಟ್ಟರು. ಮಾಸ್ತರುಗಳು ಇಬ್ಬರು. ಹೆಡ್‌ಮಾಸ್ತರ ಜವಾಬ್ದಾರಿ ಹೊತ್ತ ನರಸಿಂಹ ಮಾಸ್ತರು ಕೆರಾಡಿಯವರು, ಕಾಡಂಚಿನ ಊರಿನಿಂದ ಬಂದು ಕಡಲು ಕಂಡರೆ ಹೆದರುವವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇನ್ನೊಬ್ಬಳು ನಾನು, ಸಾಸ್ತಾನದವಳು, ಇಪ್ಪತ್ತೊಂಬತ್ತು ವರ್ಷ, ಮೊದಲ ಕಾಯಂ ಕೆಲಸ. ಕನ್ನಡ ಮತ್ತು ಸಮಾಜ ಅವರು, ಉಳಿದದ್ದೆಲ್ಲಾ ನಾನು. ಬೆಳಿಗ್ಗೆ ಆರೂವರೆಗೆ ಸಾಸ್ತಾನದಲ್ಲಿ ಬಸ್ಸು ಹತ್ತಿ, ಕುಂದಾಪುರದಲ್ಲಿ ಇನ್ನೊಂದು ಹಿಡಿದು, ಕೋಡಿಬೈಲಿನಲ್ಲಿ ಇಳಿಯುವಾಗ ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆಯಾಗಿರುತ್ತಿತ್ತು.

ಜೂನ್ ಮುಗಿಯುವ ಹೊತ್ತಿಗೆ ಮಕ್ಕಳು ಇಪ್ಪತ್ತನಾಲ್ಕು. ಊರಲ್ಲಿ ಏಳನೆಯದು ಪಾಸಾದವರನ್ನೆಲ್ಲಾ ಸೋಸಿ ಆಗಿತ್ತು. ಒಂದು ಸಂಜೆ ನರಸಿಂಹ ಮಾಸ್ತರು, "ಟೀಚರ್ರೆ, ಎರಡ್ ಮೂರ್ ವರ್ಷದ್ ಹಿಂದೆ ಬಿಟ್ಟವರಲ್ಲ್ ಯಾರಾರೂ ಸಿಕ್ತ್ರಾ ಕಾಂಬ," ಎಂದು ಪ್ರಾಥಮಿಕ ಶಾಲೆಯ ಹಳೆಯ ಪಟ್ಟಿ ತೆಗೆದರು. ಅದರಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತಾರು ತೆಗೆದ ಒಂದು ಹೆಸರಿತ್ತು. ಜಲಜ. ಮೂರು ವರ್ಷದ ಹಿಂದೆ ಏಳನೆಯದು ಮುಗಿಸಿದವಳು.

ಅವಳ ಮನೆ ಕಡಲ ಬದಿಗೆ, ಕೊನೆಯ ತೆಂಗಿನ ಸಾಲಿನ ಈಚೆಗೆ. ನಾನು ಹೋದಾಗ ಅವಳ ತಾಯಿ ಅಕ್ಕಣಿ ಅಂಗಳಕ್ಕೆ ಕಟ್ಟಿದ ತಟ್ಟಿಯ ಮರೆಯಲ್ಲಿ ಒಣಮೀನಿನ ಬುಟ್ಟಿಗೆ ಪ್ಲಾಸ್ಟಿಕ್ ಮುಚ್ಚುತ್ತಿದ್ದರು. ಮೀನು ಹೊತ್ತು ಊರೂರು ತಿರುಗುವ ಹೆಂಗಸು. ಬೊಂಬಾಯಿಗೆ ಹೋದ ಗಂಡನಿಂದ ಕಾಗದ ಬರುವುದು ನಿಂತು ಆರು ವರ್ಷವಾಗಿತ್ತು. ಕಿರಿಯ ಮಗಳು ಸುಮತಿಗೆ ಆಗ ಆರು. ಹಿರಿಯವಳು ಜಲಜ ಕಾರ್ಖಾನೆಯಿಂದ ಆಗತಾನೇ ಬಂದು ಬೂದಿ ಹಚ್ಚಿ ಕೈ ಉಜ್ಜುತ್ತಿದ್ದಳು. ಗೇರುಬೀಜದ ಎಣ್ಣೆ ತಾಗಿ ಬೆರಳುಗಳು ಕಪ್ಪಾಗಿ ಸುಲಿದಿದ್ದವು.

ಬಂದ ವಿಷಯ ಹೇಳಿದೆ. ಅಕ್ಕಣಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇಪ್ಪತ್ತೈದ್ ಮಾಡುಕೆ ನನ್ನ ಹೆಣ್ಣ್ ಬೇಕಾ ನಿಮ್ಗೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೌದ್," ಎಂದೆ. "ಆರೆ ಅದೊಂದೇ ಅಲ್ಲ. ತೊಂಬತ್ತಾರ್ ಮಾರ್ಕ್ ತೆಗ್ದ ಹೆಣ್ಣ್ ಬೀಜ ಒಡೂಕೆ ಹೋಪ್ದ್ ಸಮ ಅಲ್ಲ."

"ಸಮ ಅಲ್ಲ ಅಂಬುದ್ ನಂಗೂ ಗೊತ್ತಿತ್ತ್ ಟೀಚರ್ರೆ. ಮನಿಯಂಗೆ ಅಕ್ಕಿ ಬೇಕಲೆ." ಅಕ್ಕಣಿ ಮಗಳ ಕಡೆ ತಿರುಗಿದರು. "ಎಂತ ಹೆಣೇ? ಹೋತ್ಯಾ?"

ಜಲಜ ಕೈ ಉಜ್ಜುವುದನ್ನು ನಿಲ್ಲಿಸಿರಲಿಲ್ಲ. "ಸಣ್ ಮಕ್ಕಳ್ ಒಟ್ಟಿಗ್ ಕೂಕಂಬ್ಕೆ ನಾಚ್ಕಿ ಆತ್ತ್," ಎಂದಳು. ಕೈ ತೊಳೆದು ಒರೆಸಿಕೊಂಡು, "ಹೋತೆ," ಎಂದಳು.

ಅಕ್ಕಣಿ ನನ್ನನ್ನು ಕೇಳಿದ್ದು ಒಂದೇ ಮಾತು. "ನಡುವಂಗೆ ಕೈ ಬಿಡ್ತ್ರಿಲ್ಯಲೆ?"

"ಹತ್ತನೆ ಪಾಸ್ ಆಪುವರಿಗೂ ನಾನ್ ಇದ್ದೆ," ಎಂದೆ. ಆ ಮಾತನ್ನು ಅಷ್ಟು ಸಲೀಸಾಗಿ ಆಡಿದೆ.

ಜಲಜ ಸೇರಿದಳು. ಬೇರೆಯವರಿಗಿಂತ ಒಂದು ಗೇಣು ಎತ್ತರ, ಸಮವಸ್ತ್ರದ ಲಂಗ ಗಿಡ್ಡ. ಹಿಂದಿನ ಬೆಂಚಿನಲ್ಲಿ ಕಿಟಕಿಯ ಹತ್ತಿರ ಕೂರುತ್ತಿದ್ದಳು. ಮೊದಲ ವಾರ ಕೈ ಎತ್ತಲಿಲ್ಲ, ಬೆರಳು ಕಾಣುತ್ತದೆ ಎಂದು. ಬೀಜಗಣಿತ ಶುರುವಾದ ದಿನ ನಾನು ಬೋರ್ಡಿನ ಮೇಲೆ ತಪ್ಪು ಮಾಡಿದೆ, ಯಾರೂ ಕಾಣಲಿಲ್ಲ, ಅವಳು ಎದ್ದು ನಿಂತು, "ಟೀಚರ್ರೆ, ಅಲ್ಲ್ ಕಳೂಕೆ ಅಲ್ದಾ?" ಎಂದಳು. ಅಲ್ಲಿಂದ ಮಕ್ಕಳೆಲ್ಲಾ ಲೆಕ್ಕಕ್ಕೆ ಅವಳ ಬೆಂಚಿಗೆ ಹೋಗತೊಡಗಿದರು. ನಾಚಿಕೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವಳ ಸುತ್ತ ಐದಾರು ಜನ ಇರುತ್ತಿದ್ದರು. ಬಯಲಿನ ನೀರು ದಾಟುವಾಗ ಚಿಕ್ಕವರ ಚೀಲಗಳೆಲ್ಲಾ ಅವಳ ತಲೆಯ ಮೇಲೆ.

ಹಾಗೆ ಮೂರು ವಾರ ಹೋಯಿತು. ಜುಲೈ ಕೊನೆಗೆ ಕಡಲು ಏರಿತು.

ಎರಡು ದಿನ ಗಾಳಿ ಮಳೆಯೆಂದು ಶಾಲೆಗಳಿಗೆಲ್ಲಾ ರಜೆ ಕೊಟ್ಟಿದ್ದರು. ಮೂರನೆಯ ದಿನ ನಾನು ಬಂದು ಇಳಿದಾಗ ಹಿಂದುಗಡೆಯ ಜಗಲಿಯ ತುಂಬಾ ಪಾತ್ರೆ, ಚಾಪೆ, ಟ್ರಂಕು. ಕೊನೆಯ ತೆಂಗಿನ ಸಾಲು ಇರಲಿಲ್ಲ. ಅದರ ಈಚೆಗಿನ ಏಳು ಮನೆ ಇರಲಿಲ್ಲ. ಗ್ರಾಮಲೆಕ್ಕಿಗರು ಬಂದು ಏಳು ಸಂಸಾರವನ್ನೂ ನಮ್ಮ ಎರಡು ಕೋಣೆಯಲ್ಲಿ ಇರಿಸಿ, ಗಂಜಿಗೆ ಅಕ್ಕಿ ಕೊಟ್ಟು ಹೋಗಿದ್ದರು. ಅಕ್ಕಣಿಯ ಸಂಸಾರ ಎಂಟನೆಯ ತರಗತಿಯ ಕೋಣೆಯ ಮೂಲೆಯಲ್ಲಿತ್ತು. ಜಲಜ ಒದ್ದೆ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಕಿಟಕಿಯ ಸರಳಿಗೆ ಸಿಕ್ಕಿಸುತ್ತಿದ್ದಳು.

"ಮನಿ ಹೋಪ್ದ್ ಕಂಡ್ಯಾ?" ಎಂದು ಕೇಳಿದೆ. ಎಂಥ ಪ್ರಶ್ನೆ ಅದು!

"ಕಂಡೆ," ಎಂದಳು. "ಮೊದ್ಲ್ ಅಡಿಗಿ ಕೋಣಿ ಹೋಯ್ತ್. ಅಮ್ಮ ಸುಮತಿನ್ ಎತ್ಕಂಡ್ರ್, ನಾನ್ ಬುಟ್ಟಿ ಎತ್ಕಂಡೆ."

ನಾವು ಪಾಠವನ್ನು ಜಗಲಿಗೆ ತಂದೆವು. ಬೋರ್ಡನ್ನು ಕಂಬಕ್ಕೆ ಒರಗಿಸಿದೆವು. ಇರಚಲು ಹೊಡೆದರೆ ಮಕ್ಕಳು ಗೋಡೆಗೆ ಅಂಟಿಕೊಂಡು ಕೂರುತ್ತಿದ್ದರು. ಒಳಗೆ ಒಲೆ ಉರಿಯುತ್ತಿತ್ತು, ಮಗು ಅಳುತ್ತಿತ್ತು, ಒಣಮೀನು ಸುಡುತ್ತಿತ್ತು. ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ನನ್ನ ಇಡೀ ನೌಕರಿಯಲ್ಲಿ ಅಷ್ಟು ಸಂತೋಷದಿಂದ ಪಾಠ ಮಾಡಿದ ದಿನಗಳು ಬೇರೆ ಇಲ್ಲ. ಒಳಗಿದ್ದ ಹೆಂಗಸರೂ ಕೇಳುತ್ತಿದ್ದರು. ಒಂದು ದಿನ ನಾನು ಅಲೆಗಳು ಏಳುವುದು ಗಾಳಿಯಿಂದ ಎಂದು ವಿವರಿಸುತ್ತಿದ್ದೆ. ಒಳಗಿನಿಂದ ಅಕ್ಕಣಿಯ ಸ್ವರ ಬಂತು.

"ಹ್ವಾಯ್ ಟೀಚರ್ರೆ! ಗಾಳಿ ಒಂಚೂರೂ ಇಲ್ದಿದ್ ದಿನವೂ ದೊಡ್ ತೆರಿ ಬತ್ತಲೆ, ಅದ್ ಹ್ಯಾಂಗೆ?"

ಮಕ್ಕಳೆಲ್ಲಾ ನನ್ನ ಮುಖ ನೋಡಿದರು. "ನಾಳೆ ಹೇಳ್ತೆ," ಎಂದೆ. ಒಳಗೆ ಹೆಂಗಸರು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಆ ಸಂಜೆ ಕುಂದಾಪುರದಲ್ಲಿ ಇಳಿದು, ಪರಿಚಯದ ಮಾಸ್ತರೊಬ್ಬರ ಮನೆಗೆ ಹೋಗಿ ಪುಸ್ತಕ ಹುಡುಕಿ, ದೂರದ ಕಡಲಿನಲ್ಲಿ ಬೀಸಿದ ಗಾಳಿಯ ಅಲೆ ನೂರಾರು ಮೈಲು ಹಾದು ಇಲ್ಲಿಗೆ ಬಂದು ಮುಟ್ಟುತ್ತದೆ ಎಂದು ಓದಿಕೊಂಡು ಬಂದೆ. ಮಾರನೆಯ ದಿನ ಜಗಲಿಯಲ್ಲಿ ನಿಂತು ಒಳಗಿನವರಿಗೂ ಕೇಳುವ ಹಾಗೆ ಹೇಳಿದೆ. ಅಕ್ಕಣಿ ಬಾಗಿಲಿಗೆ ಬಂದು ನಿಂತು ಕೇಳಿದರು. "ಎಲ್ಲೋ ಬೀಸಿದ್ ಗಾಳಿಗೆ ನಮ್ಮ ಮನಿ ಹೋಪ್ದಾ!" ಎಂದರು.

ಆಗಸ್ಟ್ ಅರ್ಧ ಕಳೆದ ಮೇಲೆ ಕಾಗದ ಬಂತು. ಬರುವ ಶುಕ್ರವಾರ ಅಧಿಕಾರಿಗಳು ತಪಾಸಣೆಗೆ ಬರುತ್ತಾರೆ. ಮಕ್ಕಳ ಸಂಖ್ಯೆಯನ್ನೂ ಕೊಠಡಿಗಳನ್ನೂ ಪರಿಶೀಲಿಸುತ್ತಾರೆ. ನರಸಿಂಹ ಮಾಸ್ತರು ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು.

"ಕೋಣಿ ಇಲ್ಲೆ ಅಂದೇಳಿ ಬರ್ದ್ ಹೋದ್ರೆ ಮುಗೀತ್ ಟೀಚರ್ರೆ. ಈ ಊರವ್ರ್ ಇನ್ನ್ ಹತ್ತ್ ವರ್ಷ ಕಚೇರಿಗೆ ತಿರ್ಗ್‌ಕ್."

"ಇದ್ದ ಸಂಗತಿ ಹೇಳಿದ್ರೆ ಆತಿಲ್ಯಾ? ಕಡಲ್ ಕೊರ್ದದ್ದ್ ಎಲ್ಲರಿಗೂ ಗೊತ್ತಿತ್ತಲೆ?"

"ಹೇಳ್ಲಕ್ಕ್. ಕೇಂತ್ರಾ ಇಲ್ಯಾ ಯಾರ್ ಕಂಡದ್ದ್?" ಅವರು ಕನ್ನಡಕ ತೆಗೆದು ಒರೆಸಿದರು. "ಎರಡ್ ದಿನಕ್ಕೆ ಅವ್ರ್ ಬೇರೆ ಕಡೆ ಇದ್ರೆ ಸಾಕ್. ನಂಗೆ ಹೇಳುಕೆ ಬಾಯಿ ಬತ್ತಿಲ್ಲೆ. ನೀವ್ ಹೇಳಿದ್ರೆ ಕೇಂತ್ರ್."

ಆ ದಿನ ನಾನು ಆಗುವುದಿಲ್ಲ ಎನ್ನಬಹುದಿತ್ತು. ಅಧಿಕಾರಿಯ ಎದುರು ನಿಂತು ಇದೇ ನಮ್ಮ ಸ್ಥಿತಿ ಎಂದು ಹೇಳುತ್ತೇನೆ ಎನ್ನಬಹುದಿತ್ತು. ನನಗೆ ಶಾಲೆ ಬೇಕಿತ್ತು. ಇಪ್ಪತ್ತೈದು ಮಕ್ಕಳ ಮುಖ ಕಣ್ಣೆದುರು ಇತ್ತು. ಒಳಗಿದ್ದ ಏಳು ಸಂಸಾರದ ಮುಖ ಸ್ವಲ್ಪ ಹೊತ್ತು ಕಾಣಲಿಲ್ಲ.

ಉಳಿದ ಹೆಂಗಸರು ಅಕ್ಕಣಿಯ ಮಾತು ಕೇಳುತ್ತಿದ್ದರು. ಅದಕ್ಕೇ ಅವರ ಹತ್ತಿರವೇ ಹೋದೆ. ಅವರು ಸುಮತಿಯ ತಲೆ ಬಾಚುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಬಾಚಣಿಗೆ ನಿಲ್ಲಲಿಲ್ಲ.

"ಎಲ್ಲಿಗ್ ಹೋಪ್ದ್ ನಾವ್?"

"ದೋಣಿಯವ್ರ್ ಮೀನಿನ್ ಬಲಿ ಇಡೂ ಶೆಡ್ ಇತ್ತಲೆ. ಎರಡೇ ದಿನ. ಶುಕ್ರವಾರ ಅವ್ರ್ ಬಂದ್ ಹೋದ್ ಕೂಡ್ಲೆ ನಾನೇ ಬಂದ್ ಕರ್ಕಂಡ್ ಬತ್ತೆ."

"ಅಲ್ಲ್ ಮೂರ್ ಬದಿಗೂ ಗೋಡಿ ಇಲ್ಲೆ ಟೀಚರ್ರೆ."

ಅಕ್ಕಣಿ ಜಡೆ ಹೆಣೆದು, ತುದಿಗೆ ದಾರ ಕಟ್ಟಿ, ಮಗಳ ಬೆನ್ನು ತಟ್ಟಿ ಎಬ್ಬಿಸಿದರು. "ಶಾಲಿ ನಮ್ಮ ಮಕ್ಕಳಿಗೇ ಅಲ್ದಾ? ಹೋತೊ," ಎಂದು ಎದ್ದು ಚಾಪೆ ಸುತ್ತತೊಡಗಿದರು. ಉಳಿದವರೂ ಎದ್ದರು. ಜಲಜ ಬೆಂಚುಗಳನ್ನು ಮತ್ತೆ ಸಾಲಾಗಿ ಇಟ್ಟು, ಒಲೆಯ ಮಸಿಯನ್ನು ತೊಳೆದು, ಕೊನೆಗೆ ಹೋದಳು.

ಶುಕ್ರವಾರ ಯಾರೂ ಬರಲಿಲ್ಲ. ಮಳೆಗೆ ರಸ್ತೆ ಕಟ್ಟಿದೆ ಎಂದರು. ಸೋಮವಾರ ಖಂಡಿತ ಎಂದರು. ಸೋಮವಾರ, ಉಡುಪಿ ಹೊಸ ಜಿಲ್ಲೆಯಾಗುವ ಗಡಿಬಿಡಿ, ಅಧಿಕಾರಿಗಳಿಗೆ ಪುರಸೊತ್ತಿಲ್ಲ ಎಂದರು. ಪ್ರತಿ ದಿನ ನಾನು, ನಾಳೆ ಬಂದರೆ ಎಂದುಕೊಂಡೆ. ಇಂದು ಅವರನ್ನು ಒಳಗೆ ಕರೆದರೆ, ನಾಳೆ ಮತ್ತೆ ಏಳಿ ಎಂದು ಹೇಗೆ ಹೇಳುವುದು ಎಂದುಕೊಂಡೆ. ಕೋಣೆ ಎರಡೂ ರಾತ್ರಿಯೆಲ್ಲಾ ಖಾಲಿ ಬಿದ್ದಿರುತ್ತಿದ್ದವು. ಹಗಲು ಪಾಠ ಒಳಗೇ ನಡೆಯುತ್ತಿತ್ತು, ಬೋರ್ಡು ನೆಟ್ಟಗೆ ಗೋಡೆಯ ಮೇಲಿತ್ತು. ಜಲಜ ಶೆಡ್ಡಿನಿಂದ ಒದ್ದೆ ಲಂಗದಲ್ಲೇ ಬಂದು ಕೂರುತ್ತಿದ್ದಳು. ಒಂದು ದಿನ ಮಾತ್ರ ಕೇಳಿದಳು.

"ಟೀಚರ್ರೆ, ಯಾವಾಗ ಬತ್ರಂಬ್ರ್ ಅವ್ರ್?"

"ನಾಳೆ," ಎಂದೆ.

ಎರಡು ದಿನ ಎಂದದ್ದು ಹನ್ನೊಂದು ದಿನವಾಯಿತು.

ಹನ್ನೊಂದನೆಯ ದಿನ, ಚೌತಿಗೆ ಇನ್ನೊಂದು ವಾರ ಇದೆ ಎನ್ನುವಾಗ, ಜೀಪು ಬಂತು. ಅಧಿಕಾರಿ ಕೆಟ್ಟವರಲ್ಲ. ದಣಿದ ಮುಖದ, ಮೆಲುಮಾತಿನ ಮನುಷ್ಯ. ಬೆನ್ನುನೋವೆಂದು ಜಗಲಿಯ ಕುರ್ಚಿಯಲ್ಲೇ ಕೂತರು. ಮಕ್ಕಳನ್ನು ಅಲ್ಲಿಗೇ ಕರೆಸಿ ಎಣಿಸಿದರು. ಎತ್ತರದ ಹುಡುಗಿಯನ್ನು ಕಂಡು ಒಂದು ಲೆಕ್ಕ ಕೊಟ್ಟರು. ಜಲಜ ಬಾಯಲ್ಲೇ ಉತ್ತರ ಹೇಳಿದಳು. ಅವರಿಗೆ ಖುಷಿಯಾಯಿತು. "ಇಂಥ ಮಕ್ಕಳಿಗೆ ಶಾಲೆ ಬೇಕು," ಎಂದು ಎಳನೀರು ಕುಡಿದು, ಕಾಗದಕ್ಕೆ ಸಹಿ ಹಾಕಿ ಎದ್ದರು. ನರಸಿಂಹ ಮಾಸ್ತರು, "ಸರ್, ಕೊಠಡಿ…" ಎಂದರು.

"ಏಳು ಮನೆ ಹೋಯಿತಂತಲ್ಲ ಇಲ್ಲಿ? ಅವರಿಗೆ ಕೊಡಿ ಸದ್ಯಕ್ಕೆ. ನಾನು ಬರೆದಿದ್ದೇನೆ," ಎಂದು ಜೀಪು ಹತ್ತಿದರು. ಕೋಣೆಯ ಬಾಗಿಲಿನ ಕಡೆ ಅವರು ತಿರುಗಿಯೂ ನೋಡಿರಲಿಲ್ಲ.

ನಾನು ಕೊಡೆ ಮರೆತು ಓಡಿದೆ. ಶೆಡ್ಡಿನ ನೆಲದ ತಗ್ಗಿನಲ್ಲಿ ನೀರು ನಿಂತು ಪಾಚಿ ಕಟ್ಟಿತ್ತು. ಬಲೆಯ ರಾಶಿಯ ಮೇಲೆ ಅಕ್ಕಣಿ ಗೋಣಿ ಹೊದ್ದು ಮಲಗಿದ್ದರು. ಹಣೆ ಮುಟ್ಟಿದರೆ ಕೈ ಸುಡುತ್ತಿತ್ತು. ಕಣ್ಣಿನ ಬಿಳಿ ಅರಿಸಿನದ ಹಾಗಿತ್ತು.

"ಎಷ್ಟ್ ದಿನ ಆಯ್ತ್ ಜ್ವರ ಬಂದ್?"

ಪಕ್ಕದ ಹೆಂಗಸು, "ಮೂರ್ ದಿನ ಆಯ್ತ್. ಹೇಳಬೇಡಿ ಅಂದಿರ್. ಟೀಚರ್ರಿಗೆ ತಲೆಬಿಸಿ ಬೇಡ, ಆ ಜನ ಬಂದ್ ಹೋಯ್ಲಿ ಅಂದಿರ್," ಎಂದಳು. ಜಲಜೆಗೂ ಶಾಲೆ ಬಿಡಬಾರದೆಂದು ಆಣೆ ಹಾಕಿಸಿದ್ದರಂತೆ.

ಮೀನಿನ ಟೆಂಪೋದಲ್ಲಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ನೋಡಿ, ಇಲಿಜ್ವರ, ನಿಂತ ನೀರಿನಿಂದ ಬರುತ್ತದೆ, ಮೂತ್ರಪಿಂಡಕ್ಕೆ ಹೋಗಿದೆ, ಎರಡು ದಿನ ಮೊದಲು ತರಬೇಕಿತ್ತು ಎಂದರು. ಜಲಜ ಅವರ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. ನಿಂತ ನೀರು ಎಲ್ಲಿಯದೆಂದು ಇಬ್ಬರಿಗೂ ಯಾರೂ ಹೇಳಬೇಕಾಗಿರಲಿಲ್ಲ.

ಅಕ್ಕಣಿ ನಾಲ್ಕು ದಿನ ಇದ್ದರು. ಮೂರನೆಯ ಮಧ್ಯಾಹ್ನ ಒಮ್ಮೆ ಎಚ್ಚರವಾಗಿ ನನ್ನನ್ನು ಗುರುತಿಸಿದರು.

"ಶಾಲಿ ಆಯ್ತಾ?"

"ಆಯ್ತ್," ಎಂದೆ.

"ಹಾಂ," ಎಂದರು. ಮಾರನೆಯ ದಿನ ಹೋದರು. ಮನೆಯಿಲ್ಲದ ಹೆಂಗಸನ್ನು ಆಸ್ಪತ್ರೆಯಿಂದ ನೇರ ಕಡಲ ಬದಿಗೇ ಒಯ್ದರು. ಆ ದಿನ ಕಡಲು ಕೆರೆಯ ಹಾಗೆ ತಣ್ಣಗಿತ್ತು.

ಚೌತಿ ಕಳೆದ ಮೇಲೆ ಅಕ್ಕಣಿಯ ಅಕ್ಕ ರತ್ನಾಗಿರಿಯಿಂದ ಬಂದರು. ಅಲ್ಲಿ ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಅವರಿಗೆ ಕೆಲಸ. ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ ಎಂದರು. ಜಲಜ ನಮ್ಮ ಮನೆಯಲ್ಲಿರಲಿ, ನಾನು ಓದಿಸುತ್ತೇನೆ ಎಂದು ಅಂಗಲಾಚಿದೆ. ಆ ಹೆಂಗಸು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. "ತಂಗೀನ ಬಿಟ್ಟ್ ಅವ್ಳ್ ಇರ್ತ್ಲಾ ಕೇಣಿ," ಎಂದರು. ಕೇಳುವ ಅಗತ್ಯವಿರಲಿಲ್ಲ. ಸುಮತಿ ಅಕ್ಕನ ಲಂಗ ಹಿಡಿದು ನಿಂತಿದ್ದಳು. ತಾಯಿ ಹೋದ ದಿನದಿಂದ ಆ ಮಗು ಅದನ್ನು ಬಿಟ್ಟಿರಲಿಲ್ಲ.

ಹೊರಡುವ ಬೆಳಿಗ್ಗೆ ನಾನು ಬಸ್ಸಿಳಿಯುವಾಗ ಅವರು ಆಚೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದರು. ರಸ್ತೆ ದಾಟಿ ಹೋದೆ. ಜಲಜೆಯೇ ಮೊದಲು ಮಾತಾಡಿದಳು.

"ಟೀಚರ್ರೆ, ನನ್ನ ಹೆಸ್ರ್ ತೆಗೀಬೇಡಿ. ತೆಗ್ದ್ರೆ ಇಪ್ಪತ್ನಾಲ್ಕ್ ಆತ್ತಲೆ. ಮತ್ತೆ ಯಾರಾರೂ ಬಂದ್ ಎಣ್ಸಿದ್ರೆ?"

ನಾನು ಅಲ್ಲೇ, ರಸ್ತೆಯ ಬದಿಯಲ್ಲೇ ಅತ್ತುಬಿಟ್ಟೆ. ಅವಳು ಅಳಲಿಲ್ಲ. ಅವಳ ದೊಡ್ಡಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದರು.

ಹೆಸರು ತೆಗೆಯಲಿಲ್ಲ. ಮಾರ್ಚ್‌ವರೆಗೆ ಪ್ರತಿ ದಿನ ಹಾಜರಿ ಕರೆಯುವಾಗ ಕೊನೆಯ ಹೆಸರನ್ನು ಕರೆಯದೆ, ಅದರ ಮುಂದೆ ಹಾಜರಿ ಗುರುತು ಹಾಕಿದೆ. ಮಕ್ಕಳಿಗೆ ಗೊತ್ತಿತ್ತು, ಒಬ್ಬರೂ ಯಾರ ಬಳಿಯೂ ಬಾಯಿ ಬಿಡಲಿಲ್ಲ. ನರಸಿಂಹ ಮಾಸ್ತರಿಗೂ ಗೊತ್ತಿತ್ತು. ತಿಂಗಳ ಕೊನೆಗೆ ಸಹಿ ಹಾಕುವಾಗ ಅವರು ಆ ಸಾಲಿನ ಮೇಲೆ ಕೈ ಇಟ್ಟುಕೊಂಡು ಸಹಿ ಹಾಕುತ್ತಿದ್ದರು. ಅದು ನಿಯಮಕ್ಕೆ ತಪ್ಪು. ಆ ವರ್ಷ ನಾನು ಮಾಡಿದ ತಪ್ಪುಗಳಲ್ಲಿ ಅದರ ಬಗ್ಗೆ ಮಾತ್ರ ನನಗೆ ವ್ಯಥೆಯಿಲ್ಲ.

ಶಾಲೆ ಉಳಿಯಿತು. ಮರುವರ್ಷ ಸುತ್ತಲಿನ ಊರುಗಳಿಂದಲೂ ಮಕ್ಕಳು ಬಂದರು. ಏಳು ಸಂಸಾರದಲ್ಲಿ ಉಳಿದ ಆರಕ್ಕೆ ಹೊಳೆಯ ಬದಿಗೆ ಜಾಗ ಸಿಕ್ಕಿತು. ಮೊದಲ ತಂಡ ಹತ್ತನೆಯ ಪರೀಕ್ಷೆ ಬರೆದು ಬಹುಪಾಲು ಪಾಸಾದಾಗ ಊರಿನವರು ಪಾಯಸ ಮಾಡಿ ಹಂಚಿದರು. ನರಸಿಂಹ ಮಾಸ್ತರು ನಿವೃತ್ತರಾಗಿದ್ದರೂ ಕೆರಾಡಿಯಿಂದ ಬಂದಿದ್ದರು. ನನ್ನ ಪಕ್ಕದಲ್ಲಿ ಕೂತು, ಲೋಟ ಕೈಯಲ್ಲಿ ಹಿಡಿದು, ತುಂಬಾ ಹೊತ್ತು ಕುಡಿಯದೆ, "ಹೇಳುಕೆ ಬಾಯಿ ಬತ್ತಿಲ್ಲೆ ಅಂದೇಳಿ ನಿಮ್ಮನ್ನ್ ಕಳ್ಸಿದೆ ಅಲ್ದಾ ನಾನ್," ಎಂದರು. ಅವರು ಆಮೇಲೆ ಬಹಳ ವರ್ಷ ಇರಲಿಲ್ಲ.

ರತ್ನಾಗಿರಿಗೆ ನಾನು ಬರೆದ ಕಾಗದಗಳಲ್ಲಿ ಎರಡು ವಾಪಸು ಬಂದವು, ಉಳಿದವಕ್ಕೆ ಉತ್ತರವಿಲ್ಲ. ಆರು ವರ್ಷದ ನಂತರ ವರ್ಗ ಕೇಳಿ ಪಡೆದು ನನ್ನ ಊರಿನ ಹತ್ತಿರದ ಶಾಲೆಗೆ ಬಂದೆ. ದೂರ ಆಗುತ್ತದೆ ಎಂದು ಕಾರಣ ಬರೆದಿದ್ದೆ.

ಅವಳು ಮತ್ತೆ ಸಿಕ್ಕಿದ್ದು ಎರಡು ಸಾವಿರದ ಒಂಬತ್ತರಲ್ಲಿ, ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ. ಸಂಜೆ ಐದರ ಹೊತ್ತು. ಹಸಿರು ಸೀರೆಯ ಎತ್ತರದ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಾ ಬಂದು ನಿಂತಳು.

"ಟೀಚರ್ರ್ ಅಲ್ದಾ?"

ಗಂಗೊಳ್ಳಿಯಲ್ಲಿ ತೀರಿಕೊಂಡ ಸೋದರಮಾವನ ಬೊಜ್ಜಕ್ಕೆ ಬಂದು, ಹದಿಮೂರನೆಯ ದಿನದ ಊಟ ಮುಗಿಸಿ ಹೊರಟಿದ್ದಳು. ರತ್ನಾಗಿರಿಯಲ್ಲೇ ಮದುವೆಯಾಗಿತ್ತು. ಗಂಡ ಬೋಟಿನಲ್ಲಿ, ಇಬ್ಬರು ಗಂಡುಮಕ್ಕಳು. ತಾನು ಈಗ ಶೆಡ್ಡಿನಲ್ಲಿ ಸುಲಿಯುವುದಲ್ಲ, ತೂಕ ಬರೆಯುವ ಕೆಲಸ ಎಂದಳು. ಬೆಂಚಿನ ಮೇಲೆ ಕೂತೆವು. ಸುಮತಿಯ ವಿಷಯ ಕೇಳಿದೆ.

"ಅವ್ಳ್ ಹತ್ತನೆ ಪಾಸ್ ಆಯ್ಳ್ ಟೀಚರ್ರೆ. ಮರಾಠಿ ಶಾಲಿಯಂಗೆ. ಕನ್ನಡ ಮಾತಾಡ್ತ್ಲ್, ಓದುಕೆ ಬತ್ತಿಲ್ಲೆ."

"ನೀನ್ ಓದ್ಸಿದ್ಯಾ?"

"ಮತ್ತ್ಯಾರ್?" ಎಂದು ನಕ್ಕಳು. ಆ ನಗೆಯಲ್ಲಿ ಅಕ್ಕಣಿ ಒಂದು ಕ್ಷಣ ಬಂದು ಹೋದರು.

ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಹನ್ನೆರಡು ವರ್ಷ ಮನಸ್ಸಿನಲ್ಲಿ ಎಷ್ಟೋ ಸಲ ಆಡಿಕೊಂಡ ಮಾತೊಂದು ನನ್ನಲ್ಲಿತ್ತು. ಪ್ರತಿ ಸಲವೂ ಅದಕ್ಕೆ ಅವಳ ಉತ್ತರವನ್ನು ನಾನೇ ಕೊಟ್ಟುಕೊಂಡಿದ್ದೆ, ಬಿಡಿ ಟೀಚರ್ರೆ, ಹಳೆಯ ಕಥೆ ಎಂದು.

"ಜಲಜಾ," ಎಂದೆ, "ಆ ವರ್ಷ ನಿಮ್ಮನ್ನ್ ಆ ಕೋಣಿಯಿಂದ ಏಳಿ ಅಂದೇಳಿ ನಾನ್ ಹೇಳುಕಾಗ್ದಿತ್ತ್. ಅದ್ ನನ್ನ ತಪ್ಪ್."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಡಿಸಿದಳು.

"ಹೌದ್ ಟೀಚರ್ರೆ," ಎಂದಳು. "ಹೇಳುಕಾಗ್ದಿತ್ತ್."

ಸ್ವರದಲ್ಲಿ ಸಿಟ್ಟಿರಲಿಲ್ಲ. ನಾನು ತಲೆ ಎತ್ತಲಾರದೆ ಕೂತೆ. ಆಗ ಅವಳು ನನ್ನ ಕೈಯನ್ನು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅವಳ ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಅಷ್ಟು ಹೊತ್ತೂ ಅವಳು ಆ ಕೈಯನ್ನು ಬಿಡಲಿಲ್ಲ.